ತಿಕೋಟಾದ ತೋಟ, ಬಬಲೇಶ್ವರದ ಕೌದಿ

ಮಾರ್ಚ್ ತಿಂಗಳಲ್ಲಿ ತಿಕೋಟಾದ ಬಿಸಿಲಿಗೆ ಬೆಳಗಿನ ಒಂಬತ್ತಕ್ಕೇ ಮಧ್ಯಾಹ್ನದ ಖದರು. ವಿಜಯಪುರದಿಂದ ಪಶ್ಚಿಮಕ್ಕೆ ಸುಮಾರು 20 ಕಿಲೊಮೀಟರ್ ಬಂದರೆ ರಸ್ತೆಯ ಎರಡೂ ಮಗ್ಗುಲಿಗೆ ದ್ರಾಕ್ಷಿಯ ಪಡಗಳು. ಅವುಗಳ ಆಚೆ ಹಸಿರು ನೆಟ್ ಇಳಿಬಿಟ್ಟ ಉದ್ದುದ್ದ ಶೆಡ್ಡುಗಳು. ಒಳಗೆ ಒಂದರ ಮೇಲೊಂದು ಬಿಗಿದ ಬಲೆ, ಬಲೆಯ ತುಂಬ ಹಣ್ಣು. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲೆಸಿದ ನೀರಿನಲ್ಲಿ ಗೊಂಚಲು ಅದ್ದಿ ಹರಡಿದರೆ ಎರಡು ವಾರದ ಆಸುಪಾಸಿನಲ್ಲಿ ಒಣದ್ರಾಕ್ಷಿ ತಯಾರು. ಕೃಷ್ಣೆಯ ನೀರು ಏತ ನೀರಾವರಿಯಲ್ಲಿ ಈ ಕಡೆ ಹತ್ತಿ ಬರುವ ಮೊದಲು ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡವರ ಊರಿದು. ಹಾಗಾಗಿ ಇಲ್ಲಿ ಒಂದು ಕಾಳೂ ನೆಲಕ್ಕೆ ಬೀಳುವಂತಿಲ್ಲ.

ಶೆಡ್ಡಿನ ನೆರಳಿಗೆ ಹೆಂಗಸರು ಸಾಲಾಗಿ ಕೂತು ತೊಟ್ಟು ಬಿಡಿಸುತ್ತಾರೆ, ಕಪ್ಪಾದದ್ದನ್ನು ಬೇರೆ ಮಾಡುತ್ತಾರೆ. ಆರಿಸಿದ ಕಿಲೋ ಲೆಕ್ಕದಲ್ಲಿ ಪಗಾರ. ಮುಂಜಾನೆ ಟಂಟಂ ಹತ್ತಿ ಬಂದವರ ಬುಟ್ಟಿ ಮಧ್ಯಾಹ್ನಕ್ಕೆ ತುಂಬಿರುತ್ತದೆ. ಕೂಸಿಗೆ ಜ್ವರ ಬಂದು, ಮೂರು ಗಂಟೆಗೆ ಓಡೋಡಿ ಬಂದ ಹುಡುಗಿಯ ಬುಟ್ಟಿಯಲ್ಲಿ ತಳವೂ ಮುಚ್ಚಿರುವುದಿಲ್ಲ. ತೂಕದ ಹೊತ್ತಿಗೆ ಸಾಲಿನ ಹಿರಿಯಳೊಬ್ಬಳು ತನ್ನ ಬುಟ್ಟಿಯಿಂದ ಎರಡು ಬೊಗಸೆ, ಮತ್ತೆ ಎರಡು ಬೊಗಸೆ ತೆಗೆದು ಆ ಹುಡುಗಿಯ ಬುಟ್ಟಿಗೆ ಸುರಿಯುತ್ತಾಳೆ. ಹಣೆಯಲ್ಲಿ ಕುಂಕುಮವಿಲ್ಲ, ಕೊರಳ ಕರಿಮಣಿಯಲ್ಲಿ ಸಣ್ಣದೊಂದು ಶಿಲುಬೆ. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದರೆ, "ಜ್ವರ ಬಂದ್ರ ರಜಾ ಕೊಡ್ತಾರ್ರಿ, ಪಗಾರ ಕೊಡೂದಿಲ್ಲ. ಆಕೀಗೂ ಸಂಜೀಕ ಒಲಿ ಹೊತ್ತಬೇಕಲ್ರಿ" ಎನ್ನುತ್ತಾಳೆ, ಕೈ ನಿಲ್ಲಿಸದೆ.

ಮತ್ತಾಯನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯದಲ್ಲಿ ಒಂದು ದ್ರಾಕ್ಷಿ ತೋಟದ ಕತೆಯಿದೆ. ಯಜಮಾನ ನಸುಕಿನಿಂದ ಇಳಿಹೊತ್ತಿನವರೆಗೆ ಐದು ಸಲ ಪೇಟೆಗೆ ಹೋಗಿ ಆಳುಗಳನ್ನು ಕರೆತರುತ್ತಾನೆ. ಸಂಜೆ ಎಲ್ಲರ ಕೈಗೂ ಒಂದೇ ಕೂಲಿ, ಕೊನೆಯ ತಾಸಿಗೆ ಬಂದವನಿಗೂ ಪೂರ್ತಿ ಒಂದು ದಿನದ್ದು. ಮೊದಲು ಬಂದವರು ಗೊಣಗುತ್ತಾರೆ. ಪ್ರಸಂಗಪೀಠದಿಂದ ಈ ಕತೆಯ ಅರ್ಥವನ್ನು ಪರಲೋಕದ ಕಡೆಗೆ ಎಳೆಯುವುದು ರೂಢಿ. ತಿಕೋಟಾದ ಶೆಡ್ಡಿನಲ್ಲಿ ಕೂತವರಿಗೆ ಅದು ಕೂಲಿಯ ಕತೆಯೇ. ಕತೆಯಲ್ಲಿ ಔದಾರ್ಯ ತೋರುವವನು ತೋಟದ ಒಡೆಯ; ಇಲ್ಲಿ ಆ ಔದಾರ್ಯವನ್ನು ತನ್ನ ಪಗಾರದಿಂದಲೇ ತೆಗೆದು ಕೊಟ್ಟವಳು ಕೂಲಿಯವಳು. ನನಗೆ ಇವಳದು ಕತೆಗಿಂತ ಒಂದು ಹೆಜ್ಜೆ ಮುಂದಿನದೆಂದೇ ಕಾಣುತ್ತದೆ.

ತಿಕೋಟಾ, ಬಬಲೇಶ್ವರ ಎರಡೂ 2018ರಲ್ಲಿ ತಾಲ್ಲೂಕುಗಳಾದವು. ಅದಕ್ಕೆ ಮುಂಚೆ ವಿಜಯಪುರ ತಾಲ್ಲೂಕಿನ ಹಳ್ಳಿಗಳು. ನಡುವೆ ಡೋಣಿಯ ಎರೆಮಣ್ಣು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಈ ಸೀಮೆಯ ಮಕ್ಕಳಿಗೂ ಬಾಯಿಪಾಠ. ಆದರೆ ಡೋಣಿಯ ನೀರು ಸವಳು, ಕುಡಿಯಲು ಬಾರದು. ಕಾಳು ಕೊಡುವ ಹೊಳೆ ದಾಹಕ್ಕೆ ಒದಗದ ಈ ನಾಡಿನಲ್ಲಿ ಮಳೆ ತಪ್ಪಿದ ವರ್ಷ ಜನ ಊರು ಬಿಡುತ್ತಾರೆ. ಮಳೆಯಾದ ವರ್ಷವೂ ತಾಂಡಾಗಳ ಜನ, ಕೇರಿಗಳ ಜನ ದೀಪಾವಳಿ ಹೊತ್ತಿಗೆ ಮಹಾರಾಷ್ಟ್ರದ ಕಬ್ಬಿನ ಗದ್ದೆಗೋ ಗೋವೆಯ ಕಟ್ಟಡದ ಕೆಲಸಕ್ಕೋ ಹೊರಡುತ್ತಾರೆ. ಮುದುಕರು ಮನೆ ಕಾಯುತ್ತಾರೆ. ಅದೇ ಹೊತ್ತಿಗೆ ಚಳಿಯೂ ಬರುತ್ತದೆ. ಡಿಸೆಂಬರಿನಲ್ಲಿ ರಾಜ್ಯದ ಅತಿ ಕಡಿಮೆ ಉಷ್ಣಾಂಶದ ಸುದ್ದಿಯಲ್ಲಿ ವಿಜಯಪುರದ ಹೆಸರು ಆಗಾಗ ಇರುತ್ತದೆ.

ಆದ್ದರಿಂದ ಬಬಲೇಶ್ವರದ ಓಣಿಯ ಕಟ್ಟೆಯ ಮೇಲೆ ಬೇಸಿಗೆಯಲ್ಲೇ ಕೌದಿ ಕೆಲಸ ಶುರು. ಹಳೆಯ ಇಳಕಲ್ ಸೀರೆ, ಸವೆದ ಧೋತರ, ಮಕ್ಕಳ ಯುನಿಫಾರ್ಮಿನ ತುಂಡು, ಎಲ್ಲ ಒಗೆದು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಕ್ಕೆ ಸುತ್ತುತ್ತ ಹೊಲಿಯುತ್ತಾರೆ. ನಾಲ್ಕು ಹೆಂಗಸರು ನಾಲ್ಕು ಮೂಲೆ ಹಿಡಿದು ಕೂತರೂ ಒಂದು ಕೌದಿ ಮುಗಿಯಲು ಬಹಳ ದಿನ ಬೇಕು. ಕೂತವರಲ್ಲಿ ಒಬ್ಬಳ ಮನೆಯಲ್ಲಿ ಸತ್ಯವೇದವಿದೆ, ಇನ್ನಿಬ್ಬರ ಕೊರಳಲ್ಲಿ ಲಿಂಗದಕಾಯಿ, ನಾಲ್ಕನೆಯವಳು ನಡುನಡುವೆ ಎದ್ದು ನಮಾಜಿಗೆ ಹೋಗಿಬರುತ್ತಾಳೆ. ಯಾರ ಮನೆಗೆ ಕೌದಿ ಹೋಗಬೇಕು ಎಂಬುದನ್ನು ಮಾತ್ರ ಮೊದಲನೆಯವಳೇ ಹೇಳಬೇಕು, ಯಾಕೆಂದರೆ ಓಣಿಯ ಪ್ರತಿ ಮುದುಕಿಯ ಕೆಮ್ಮಿನ ಗುರುತೂ ಆಕೆಗಿದೆ.

ಅಪೊಸ್ತಲರ ಕೃತ್ಯಗಳಲ್ಲಿ ಯೊಪ್ಪ ಎಂಬ ಕಡಲೂರಿನ ತಬಿಥಾ ಬರುತ್ತಾಳೆ. ಅವಳು ಉಪದೇಶ ಮಾಡಿದ ಉಲ್ಲೇಖವಿಲ್ಲ, ಅವಳ ಒಂದು ಮಾತೂ ದಾಖಲಾಗಿಲ್ಲ. ಅವಳು ಸತ್ತಾಗ ಊರಿನ ವಿಧವೆಯರು ಪೇತ್ರನ ಸುತ್ತ ನಿಂತು, ಅವಳು ತಮಗೆ ಹೊಲಿದುಕೊಟ್ಟ ಅಂಗಿಗಳನ್ನು ತೋರಿಸುತ್ತ ಅತ್ತರು. ಹೊಸ ಒಡಂಬಡಿಕೆಯಲ್ಲಿ ಶಿಷ್ಯೆ ಎಂಬ ಹೆಸರು ನೇರವಾಗಿ ಸಿಕ್ಕಿರುವುದು ಈ ಹೊಲಿಗೆಯವಳಿಗೆ. ಬಬಲೇಶ್ವರದ ಕಟ್ಟೆಯವಳು ತಬಿಥಾಳ ಹೆಸರೆತ್ತಿದರೆ ನಾಚುತ್ತಾಳೆ. "ನಮ್ಮವ್ವ ಹೊಲೀತಿದ್ಲು, ನಾ ಹೊಲೀತೀನ್ರಿ" ಎಂದು ಸೂಜಿಗೆ ದಾರ ಪೋಣಿಸುತ್ತಾಳೆ.

ಅವಳ ಅವ್ವನ ಅವ್ವ, ಅವಳ ಹಿಂದಿನವರು ಕ್ರೈಸ್ತ ನಂಬಿಕೆಗೆ ಬಂದ ದಾರಿ ಯಾವುದೆಂದು ಹಿಂದಕ್ಕೆ ನಡೆದರೆ ಬರಗಾಲ ಎದುರಾಗುತ್ತದೆ. 1876–78ರ ಬರದಲ್ಲಿ ಈ ಜಿಲ್ಲೆ, ಆಗಿನ ಕಲಾದಗಿ ಜಿಲ್ಲೆ, ಖಾಲಿಯಾಯಿತು. 1872ರ ಗಣತಿಯಲ್ಲಿ 8,16,273 ಇದ್ದ ಜನಸಂಖ್ಯೆ 1881ಕ್ಕೆ 6,38,493. ಅಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಸತ್ತರು ಇಲ್ಲವೇ ಕಾಣೆಯಾದರು. 1851ರಿಂದ ಗುಳೇದಗುಡ್ಡದಲ್ಲಿ ನೆಲೆಸಿದ್ದ ಬಾಸೆಲ್ ಮಿಶನ್ನಿನವರು ತಂದೆ ತಾಯಿ ಕಳೆದುಕೊಂಡ ಮಕ್ಕಳನ್ನು ಸಾಕಿದರು, ಓದಿಸಿದರು, ನೇಯ್ಗೆ ಕಲಿಸಿದರು. ಆ ಹೊತ್ತಿನಲ್ಲಿ ಗಂಜಿಯೂ ದೀಕ್ಷಾಸ್ನಾನವೂ ಒಂದೇ ಅಂಗಳದಲ್ಲಿದ್ದವು ಎಂಬುದನ್ನು ಮುಚ್ಚಿಡಬೇಕಿಲ್ಲ. ಹಸಿದವರು ಬಂದರು, ಉಂಡವರಲ್ಲಿ ಕೆಲವರು ಉಳಿದರು. ಉಳಿದವರ ಮೊಮ್ಮಕ್ಕಳಿಗೆ ಅದು ಅವಮಾನವಾಗಿ ಉಳಿಯಲಿಲ್ಲ. ಯಾರೋ ತಮ್ಮವರಿಗೆ ಉಣ್ಣಲಿಕ್ಕಿದರು ಎಂಬ ಋಣವಾಗಿ ಉಳಿಯಿತು.

ಅದೇ ಮಿಶನ್ನಿನ ಪಾದ್ರಿ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಇತ್ತ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ವಚನಗಳ ತಾಳೆಗರಿಗಾಗಿ ವಕೀಲಿಯನ್ನೇ ಹಿಂದಿಟ್ಟರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಉತ್ತಂಗಿಯವರೇ ಅಧ್ಯಕ್ಷರು. ನೆರೆಯವನನ್ನು ಪ್ರೀತಿಸುವುದೆಂದರೆ ಅವನ ಹಾಡನ್ನೂ ಕೆಡದಂತೆ ಕಾಯುವುದು ಎಂದು ನಡೆದು ತೋರಿಸಿದ ಪಾದ್ರಿ ಅವರು. ಬಸವಣ್ಣನವರ ಬಾಗೇವಾಡಿ ಇರುವ ಜಿಲ್ಲೆಗೆ, ಸಿದ್ಧೇಶ್ವರ ಸ್ವಾಮೀಜಿ ಹುಟ್ಟಿದ ಬಿಜ್ಜರಗಿಯನ್ನು ಮಗ್ಗುಲಲ್ಲೇ ಇಟ್ಟುಕೊಂಡ ತಿಕೋಟಾಕ್ಕೆ, ದಾಸೋಹವನ್ನು ಹೊರಗಿನವರು ಬಂದು ಕಲಿಸಬೇಕಿರಲಿಲ್ಲ. ಇಲ್ಲಿನ ಕ್ರೈಸ್ತರ ಸೇವೆ ಆ ನೆಲದಲ್ಲೇ ಬೇರು ಬಿಟ್ಟದ್ದು.

ವಿಜಯಪುರ ನಗರದಲ್ಲಿ ಆ ಸೇವೆ ಆಸ್ಪತ್ರೆಯ ವರಾಂಡದಲ್ಲಿ ಕಾಣುತ್ತದೆ. ಗೋಳಗುಮ್ಮಟ ನೋಡಲು ಬಂದವರು ಈ ಕಡೆ ಬರುವುದಿಲ್ಲ. ಜಿಲ್ಲಾ ಆಸ್ಪತ್ರೆಯ ಹೊರಗೆ, ಬೇವಿನ ನೆರಳಲ್ಲಿ, ಚಾಪೆ ಗಂಟು ಹಿಡಿದು ಕೂತವರು ರೋಗಿಯ ಮನೆಯವರು. ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ನಾಲ್ಕಾರು ಹೆಂಗಸರು ಬುತ್ತಿಗಂಟು ಹೊತ್ತು ಬರುತ್ತಾರೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ: ಮೂರು ದಿನ ಇಟ್ಟರೂ ಕೆಡದ ಅಡುಗೆ. ಜೋಳದ ಹಿಟ್ಟು ಬೀಸಿಕೊಟ್ಟ ಗಿರಣಿಯವನು ಮುಸಲ್ಮಾನ, ಬೀಸಿದ್ದಕ್ಕೆ ರೊಕ್ಕ ಮುಟ್ಟಲಿಲ್ಲ. ಲೂಕನ ಸುವಾರ್ತೆಯಲ್ಲಿ ಯೆರಿಕೋವಿನ ದಾರಿಯಲ್ಲಿ ಬಿದ್ದವನನ್ನು ಎತ್ತಿದವನೂ ಪರಜಾತಿಯ ಸಮಾರ್ಯದವನೇ. ಯಾಜಕ ನೋಡಿ ಆಚೆ ಬದಿಗೆ ಹೋಗಿದ್ದ. ಗಾಯ ಕಟ್ಟಿ ಸುಮ್ಮನಾಗದೆ, ಕತ್ತೆಯ ಮೇಲೆ ಕೂರಿಸಿ, ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಇನ್ನೂ ಖರ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆಂದ ಆ ಮನುಷ್ಯನ ಲೆಕ್ಕಾಚಾರ ನನಗೆ ಬಹಳ ಇಷ್ಟ. ಕರುಣೆಗೂ ಖರ್ಚುವೆಚ್ಚವಿದೆ ಎಂದು ಗೊತ್ತಿದ್ದವನು.

ವಾರ್ಡಿನ ಒಳಗೆ ಕೇರಳದಿಂದ, ಮಂಗಳೂರಿನಿಂದ ಬಂದು ಇಲ್ಲಿಯ ಮಾತು ಕಲಿತ ದಾದಿಯರು. "ಯಜ್ಜಾ, ಗುಳಿಗಿ ನುಂಗಿದೇನ?" ಎಂದು ಮಲಯಾಳದ ರಾಗದಲ್ಲಿ ಬಿಜಾಪುರದ ಕನ್ನಡ ಆಡುತ್ತಾರೆ. ಕರ್ನಾಟಕದಲ್ಲಿ ಎಚ್‌ಐವಿ ಸೋಂಕು ಹೆಚ್ಚಾಗಿದ್ದ ಜಿಲ್ಲೆಗಳಲ್ಲಿ ವಿಜಯಪುರವೂ ಒಂದು. ಸ್ವಂತ ಅಣ್ಣ ತಮ್ಮಂದಿರೇ ತಾಟು ಬೇರೆ ಇಟ್ಟ ಕಾಲದಲ್ಲಿ ಬೆವರು ಒರೆಸಿ, ತಲೆ ಬಾಚಿದ ಕೈಗಳನ್ನು ಜನ ಇಂದಿಗೂ ನೆನೆಯುತ್ತಾರೆ.

ಇಷ್ಟೆಲ್ಲ ನಡೆಯುವುದು ಅನುಮಾನದ ಕಣ್ಣುಗಳ ಮುಂದೆ. 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯು ಉಡುಗೊರೆ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಇವನ್ನೂ ಮತಾಂತರದ ಆಮಿಷದ ವ್ಯಾಖ್ಯೆಯೊಳಗೆ ತಂದಿತು. ಅದನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಕಾಯ್ದೆಯ ಮಾತು ಹೇಗೇ ಇರಲಿ, ಬುತ್ತಿ ಹೊತ್ತವಳ ಎದೆಯಲ್ಲಿ ಒಂದು ಅಳುಕು ಹೊಕ್ಕಿತು. ಜಿಲ್ಲೆಯಲ್ಲಿ ಶೇ 1ರಷ್ಟೂ ಇಲ್ಲದ ಜನ ಇವರು. ರೊಟ್ಟಿ ಕೊಡುವಾಗ ಈಗ ಅವರು ಪ್ರಾರ್ಥನೆ ಮಾಡುವುದಿಲ್ಲ, ಕರಪತ್ರ ಇಡುವುದಿಲ್ಲ, ಹೆಸರೂ ಹೇಳುವುದಿಲ್ಲ. ಇದು ಭಯದಿಂದ ಮಾತ್ರ ಬಂದದ್ದಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದು ಯೇಸು ಬೆಟ್ಟದ ಮೇಲೆ ಕಲಿಸಿದ್ದು ಕಾಯ್ದೆಗಳಿಗಿಂತ ಹಳೆಯದು, ಅದನ್ನು ಅವರು ಚಿಕ್ಕಂದಿನಿಂದ ಕೇಳಿದ್ದಾರೆ. ಉಣ್ಣಿಸಿದ್ದಕ್ಕೆ ಪ್ರತಿಯಾಗಿ ಏನೂ ಬೇಡದ ಈ ಊಟ, ಬರಗಾಲದ ಆ ಹಳೆಯ ಗಂಜಿಗಿಂತ ಸ್ವಚ್ಛವಾದದ್ದು ಎಂದು ನಾನು ನಂಬಿದ್ದೇನೆ.

ವರಾಂಡದಲ್ಲಿ ಬುತ್ತಿ ಖಾಲಿಯಾಗುವ ಹೊತ್ತಿಗೆ ಬಬಲೇಶ್ವರದ ಅಜ್ಜಿಯೊಬ್ಬಳು ಸೆರಗಿನ ಗಂಟು ಬಿಚ್ಚಿ ಆಧಾರ್ ಕಾರ್ಡ್ ತೋರಿಸುತ್ತಾಳೆ. ಸಂಧ್ಯಾ ಸುರಕ್ಷಾದ ಪಿಂಚಣಿ ನಿಂತಿದೆ. ಕಳೆ ತೆಗೆದೂ ತೆಗೆದೂ ಹೆಬ್ಬೆರಳಿನ ಗೆರೆ ಸವೆದಿದೆ, ಯಂತ್ರ ಅವಳನ್ನು ಗುರುತಿಸುತ್ತಿಲ್ಲ. ಬುತ್ತಿ ತಂದಾಕೆ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾಳೆ.

"ನಾಳಿ ಸೋಮವಾರ ಐತಿ, ಹತ್ತಕ್ಕ ಪೋಸ್ಟಿಗೆ ಬಾ ಯವ್ವಾ. ಹೆಬ್ಬಟ್ಟು ಬರ್ಲಿಲ್ಲಂದ್ರ ಬ್ಯಾರೆ ಬಟ್ಟು ಹಚ್ಚೂಣು, ಅದೂ ಬರ್ಲಿಲ್ಲಂದ್ರ ಕಣ್ಣಿನ ಫೋಟೋ ತಗಸೂಣು. ಪಾಸ್‌ಬುಕ್ ಮರೀಬ್ಯಾಡ. ಉಂಡು ಬಾ, ಪಾಳಿ ಭಾಳ ಇರ್ತೈತಿ."