ಲಂಡನ್ನಿನಲ್ಲಿ ಲತಾ
1974. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಲತಾ ಮಂಗೇಶ್ಕರ್ ಹಾಡ್ತಾರಂತೆ! ಅಲ್ಲಿದ್ದ ನಮ್ಮವರಿಗೆ ಅದೆಂಥ ಸುದ್ದಿ, ಊಹಿಸಿ.

ಯೂಟ್ಯೂಬ್ ಇಲ್ಲದ ಕಾಲ. ಹಾಡು ಬೇಕಂದ್ರೆ ರೆಕಾರ್ಡ್ ಕೊಳ್ಳಬೇಕು, ಇಲ್ಲಾ ಹಿಂದಿ ಸಿನಿಮಾ ಹಾಕೋ ಥಿಯೇಟರ್ ಹುಡುಕಬೇಕು. ಎರಡೇ ವರ್ಷದ ಹಿಂದೆ, 1972ರಲ್ಲಿ, ಇದಿ ಅಮೀನ್ ಉಗಾಂಡದಿಂದ ಹೊರಗಟ್ಟಿದ ಸಾವಿರಾರು ಏಷ್ಯನ್ನರೂ ಬ್ರಿಟನ್ನಿಗೆ ಬಂದಿಳಿದಿದ್ರು. ಆಫ್ರಿಕಾದಲ್ಲೇ ಹುಟ್ಟಿ ಬೆಳೆದವರು ಅವರಲ್ಲಿ ಎಷ್ಟೋ ಜನ, ಅವರಿಗೂ ಭಾರತದ ನಂಟು ಅಂದ್ರೆ ಇಂಥ ಹಾಡುಗಳೇ.

ಇನ್ನು ಆ ಸಭಾಂಗಣ! 1871ರದ್ದು, ಐದು ಸಾವಿರಕ್ಕೂ ಹೆಚ್ಚು ಸೀಟು. ಆದ್ರೆ ಗುಮ್ಮಟದ ಪ್ರತಿಧ್ವನಿ ಕಾಟ ಎಷ್ಟಿತ್ತಂದ್ರೆ, ಒಂದೇ ಟಿಕೆಟ್‌ಗೆ ಎರಡು ಸಲ ಕಛೇರಿ ಅಂತ ಜನ ಆಡ್ಕೊಳ್ತಿದ್ರು. ಕೊನೆಗೆ 1969ರಲ್ಲಿ ಚಾವಣಿಯಿಂದ ಫೈಬರ್‌ಗ್ಲಾಸ್ ತಟ್ಟೆಗಳನ್ನ ತೂಗುಬಿಟ್ಟರು. ಕೆಳಗಿಂದ ನೋಡಿದ್ರೆ ಥೇಟ್ ಅಣಬೆ! ಲತಾ ಬರೋ ಹೊತ್ತಿಗೆ ಅವು ಮೇಲಿದ್ದವು, ಕೇಳುಗರ ಪುಣ್ಯ.

ವೇದಿಕೆಯಲ್ಲಿ ಲತಾರನ್ನ ಪರಿಚಯ ಮಾಡಿಕೊಟ್ಟಿದ್ದು ನಟ ದಿಲೀಪ್ ಕುಮಾರ್. ನಮ್ಮ ಕನ್ನಡದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರಕ್ಕೂ ಹಾಡಿದ್ದ ದನಿ ಲತಾರದ್ದು, ನೆನಪಿರಲಿ. ಟಿಕೆಟ್ ಸಿಗದವರಿಗೆ? ಆ ಕಾರ್ಯಕ್ರಮ ಆಮೇಲೆ ಎಲ್‌ಪಿ ರೆಕಾರ್ಡಾಗಿ ಬಂತು. ಈಗ ಸಿಕ್ಕರೆ ಕೇಳಿ, ಚಪ್ಪಾಳೆ ಬಂದಾಗ ಮುಂದಕ್ಕೆ ಓಡಿಸ್ಬೇಡಿ.