ಅಪ್‌ಡೇಟ್ ಹಾಕಿದ ಮೇಲೆ ಫೋನ್ ಏಳ್ತಿಲ್ಲವೇ? ರಿಸೆಟ್ ಒತ್ತುವ ಮೊದಲು ಇದನ್ನು ಓದಿ

ಕೇಟಿ (ಟೆಕ್ಸಾಸ್): ರಾತ್ರಿ ‘ಸಿಸ್ಟಮ್ ಅಪ್‌ಡೇಟ್’ ಒತ್ತಿ ಮಲಗುತ್ತೀರಿ. ಬೆಳಿಗ್ಗೆ ನೋಡಿದರೆ ಪರದೆಯ ಮೇಲೆ ಕಂಪನಿಯ ಲೋಗೋ ಮಾತ್ರ. ಆರುತ್ತದೆ, ಮತ್ತೆ ಬರುತ್ತದೆ, ಮತ್ತೆ ಆರುತ್ತದೆ. ಇದಕ್ಕೆ ಬೂಟ್‌ಲೂಪ್ ಅಂತಾರೆ. ಗಲ್ಫ್‌ನಲ್ಲಿ ದುಡಿಯುವವರಿಗೂ, ಅಲ್ಲಿಂದ ಹ್ಯೂಸ್ಟನ್ ಪಕ್ಕದ ಕೇಟಿಯಂಥ ಊರಿಗೆ ಬಂದು ನೆಲೆಸಿದ ನಮ್ಮವರಿಗೂ ಇದು ಬರೀ ಒಂದು ಫೋನ್ ಕೆಟ್ಟ ವಿಷಯವಲ್ಲ. ಊರಿನ ಬ್ಯಾಂಕಿನ ಒಟಿಪಿ, ಮಕ್ಕಳ ಫೋಟೋ, ಅಪ್ಪ ಅಮ್ಮನ ವಾಯ್ಸ್ ಮೆಸೇಜ್, ವೀಸಾ ಕಾಗದದ ಸ್ಕ್ಯಾನ್ ಎಲ್ಲ ಅದರೊಳಗೇ ಇರುತ್ತವೆ. ಗಾಬರಿಯಲ್ಲಿ ಒತ್ತುವ ಒಂದು ಬಟನ್ ಅಷ್ಟನ್ನೂ ಅಳಿಸಬಹುದು. ಹಾಗಾಗಿ ಮೊದಲು ಏನಾಗಿದೆ ಅಂತ ತಿಳಿದುಕೊಳ್ಳೋಣ.

ಕೆಟ್ಟದ್ದು ಯಾವುದು, ಉಳಿದದ್ದು ಯಾವುದು?

ಆ್ಯಂಡ್ರಾಯ್ಡ್ ಫೋನ್ ಎಂದರೆ ಒಳಗೆ ಲಿನಕ್ಸ್ ಕರ್ನಲ್ ಇರುವ ಒಂದು ಸಣ್ಣ ಕಂಪ್ಯೂಟರ್. ಲಿನಕ್ಸ್ ಮೇಲೆ ಓಡುವ ಅಂಗೈ ಯಂತ್ರ ಕನ್ನಡನಾಡಿಗೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ ರೂಪಿಸಿದ ‘ಸಿಂಪ್ಯೂಟರ್’ ಕೂಡ ಲಿನಕ್ಸ್ ಮೇಲೆಯೇ ಓಡುತ್ತಿತ್ತು. ಅದರ ‘ಅಮಿಡಾ’ ಮಾದರಿ ಬಿಇಎಲ್ ಮೂಲಕ 2004ರಲ್ಲಿ ಮಾರುಕಟ್ಟೆಗೂ ಬಂತು.

ಇಂಥ ಯಂತ್ರದೊಳಗೆ ಜಾಗವನ್ನು ಕೋಣೆಗಳಂತೆ ಹಂಚಿರುತ್ತಾರೆ. ಬೂಟ್‌ಲೋಡರ್ ಮುಂಬಾಗಿಲು. ಕರ್ನಲ್ ಮತ್ತು ಸಿಸ್ಟಮ್ ಬೇರೆ ಬೇರೆ ಕೋಣೆಗಳು. ರಿಕವರಿ ರಿಪೇರಿಗೆಂದು ಇಟ್ಟ ಹಿಂಬಾಗಿಲು. ನಿಮ್ಮ ಫೋಟೋ, ಮೆಸೇಜು ಇರುವ ಡೇಟಾ ಕೋಣೆಯೇ ಬೇರೆ. ಅಪ್‌ಡೇಟ್ ಕೈಹಾಕುವುದು ಹೆಚ್ಚಾಗಿ ಸಿಸ್ಟಮ್ ಕೋಣೆಗೆ. ಅಂದರೆ ಫೋನ್ ಏಳದೇ ಇದ್ದರೂ ನಿಮ್ಮ ಡೇಟಾ ಇನ್ನೂ ಒಳಗೇ ಇರುವ ಸಾಧ್ಯತೆ ಹೆಚ್ಚು.

2016ರ ಆ್ಯಂಡ್ರಾಯ್ಡ್ 7ರಿಂದ ಗೂಗಲ್ ಇನ್ನೊಂದು ವ್ಯವಸ್ಥೆ ತಂದಿತು. ಪಿಕ್ಸೆಲ್‌ನಂಥ ಫೋನ್‌ಗಳಲ್ಲಿ ಸಿಸ್ಟಮ್‌ಗೆ ಎ ಮತ್ತು ಬಿ ಎಂದು ಎರಡು ಜಾಗ. ಹೊಸದು ಒಂದರಲ್ಲಿ ಕೂರುತ್ತದೆ, ಹಳೆಯದು ಇನ್ನೊಂದರಲ್ಲಿ ಉಳಿಯುತ್ತದೆ. ಹೊಸದು ಏಳದಿದ್ದರೆ, ಕೆಲವು ಸಲ ಪ್ರಯತ್ನಿಸಿ ಫೋನ್ ತಾನಾಗಿಯೇ ಹಳೆಯದಕ್ಕೆ ಮರಳುತ್ತದೆ. ಆದ್ದರಿಂದ ಎರಡು ಮೂರು ಸಲ ರೀಸ್ಟಾರ್ಟ್ ಆದ ಕೂಡಲೇ ಹೆದರಬೇಡಿ.

ತಪ್ಪು ನಿಮ್ಮದೇ ಆಗಬೇಕಿಲ್ಲ

2021ರ ಆರಂಭದಲ್ಲಿ ಶವೋಮಿಯ ಎಂಐ ಎ3 ಫೋನ್‌ಗಳು ಆ್ಯಂಡ್ರಾಯ್ಡ್ 11 ಹಾಕಿದ ಮೇಲೆ ಸತ್ತಂತಾದವು. ವಾರಂಟಿ ಮುಗಿದಿದ್ದರೂ ಭಾರತದಲ್ಲಿ ಉಚಿತವಾಗಿ ಸರಿಮಾಡಿಕೊಡುವುದಾಗಿ ಕಂಪನಿ ಹೇಳಿತು. 2024ರ ಅಕ್ಟೋಬರ್‌ನಲ್ಲಿ ಸ್ಯಾಮ್‌ಸಂಗ್‌ನ ಸ್ಮಾರ್ಟ್‌ಥಿಂಗ್ಸ್ ಫ್ರೇಮ್‌ವರ್ಕ್ ಎಂಬ ಆ್ಯಪ್‌ನ ಅಪ್‌ಡೇಟ್‌ನಿಂದ ಗ್ಯಾಲಕ್ಸಿ ಎಸ್10, ನೋಟ್ 10 ಫೋನ್‌ಗಳು ಬೂಟ್‌ಲೂಪ್‌ಗೆ ಸಿಕ್ಕವು. ನಿಮ್ಮದೂ ಇಂಥ ಪ್ರಕರಣವೇ ಅಂತ ಮೊದಲು ವಿಚಾರಿಸಿ. ಆಮೇಲೆ ದುಡ್ಡು ಕೊಡಿ.

ಹಂತ ಹಂತವಾಗಿ ಹೀಗೆ ಮಾಡಿ

1. ಒಳ್ಳೆಯ ಚಾರ್ಜರ್‌ಗೆ ಹಾಕಿ ಅರ್ಧ ಗಂಟೆ ಸುಮ್ಮನಿರಿ. ದೊಡ್ಡ ಅಪ್‌ಡೇಟ್ ಆದ ಮೇಲೆ ಮೊದಲ ಸಲ ಏಳಲು ಹೊತ್ತು ಹಿಡಿಯುತ್ತದೆ.

2. ಒಟಿಪಿ ಬರುವ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ. ಇದರಿಂದ ಬ್ಯಾಂಕಿನ ಕೆಲಸ ನಿಲ್ಲುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ವಾಟ್ಸಾಪ್ ಮೊದಲೇ ಲಿಂಕ್ ಆಗಿದ್ದರೆ, ಫೋನ್ ಇಲ್ಲದೆಯೂ 14 ದಿನ ನಡೆಯುತ್ತದೆ. ಮನೆಯವರಿಗೆ ವಿಷಯ ತಿಳಿಸಲು ಅಷ್ಟು ಸಾಕು.

3. ಬಲವಂತವಾಗಿ ರೀಸ್ಟಾರ್ಟ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಪವರ್ ಮತ್ತು ವಾಲ್ಯೂಮ್ ಡೌನ್ ಒಟ್ಟಿಗೆ ಒತ್ತಿ ಹಿಡಿಯಬೇಕು. ಪಿಕ್ಸೆಲ್‌ನಲ್ಲಿ ಪವರ್ ಬಟನ್ ಸುಮಾರು 30 ಸೆಕೆಂಡು.

4. ಆಗಲಿಲ್ಲವೆಂದರೆ ರಿಕವರಿಗೆ ಹೋಗಿ. ಸ್ಯಾಮ್‌ಸಂಗ್‌ನಲ್ಲಿ ಫೋನ್ ಆರಿಸಿ ಪವರ್ ಮತ್ತು ವಾಲ್ಯೂಮ್ ಅಪ್ ಒತ್ತಬೇಕು. ಹೊಸ ಮಾದರಿಗಳಲ್ಲಿ ಕೇಬಲ್ ಕಂಪ್ಯೂಟರ್‌ಗೆ ಚುಚ್ಚಿದ್ದರೆ ಮಾತ್ರ ಇದು ತೆರೆಯುತ್ತದೆ. ಪಿಕ್ಸೆಲ್‌ನಲ್ಲಿ ಪವರ್ ಮತ್ತು ವಾಲ್ಯೂಮ್ ಡೌನ್ ಒತ್ತಿ, ಬಂದ ಪಟ್ಟಿಯಲ್ಲಿ ‘ರಿಕವರಿ ಮೋಡ್’ ಆರಿಸಿ. ‘ನೋ ಕಮಾಂಡ್’ ಅಂತ ಬಂದರೆ ಪವರ್ ಹಿಡಿದೇ ವಾಲ್ಯೂಮ್ ಅಪ್ ಒಮ್ಮೆ ಒತ್ತಿ.

5. ಅಲ್ಲಿ ‘ವೈಪ್ ಕ್ಯಾಶ್ ಪಾರ್ಟಿಶನ್’ ಇದ್ದರೆ ಮಾಡಬಹುದು. ಸ್ಯಾಮ್‌ಸಂಗ್‌ನಲ್ಲಿ ‘ರಿಪೇರ್ ಆ್ಯಪ್ಸ್’ ಕೂಡ ಸಿಗಬಹುದು. ಇವೆರಡರಿಂದ ಫೋಟೋ ಹೋಗುವುದಿಲ್ಲ. ಆದರೆ ಪಕ್ಕದಲ್ಲೇ ಇರುವ ‘ವೈಪ್ ಡೇಟಾ / ಫ್ಯಾಕ್ಟರಿ ರಿಸೆಟ್’ ಎಲ್ಲವನ್ನೂ ಒರೆಸಿ ಹಾಕುತ್ತದೆ. ಬೆರಳು ಜಾರದಂತೆ ನೋಡಿಕೊಳ್ಳಿ.

6. ಕಂಪ್ಯೂಟರ್ ಗೊತ್ತಿರುವವರು ಮನೆಯಲ್ಲಿದ್ದರೆ, ಪಿಕ್ಸೆಲ್‌ಗೆ ಗೂಗಲ್ ಕೊಡುವ ಪೂರ್ತಿ ಒಟಿಎ ಫೈಲ್ ಅನ್ನು ‘ಸೈಡ್‌ಲೋಡ್’ ಮಾಡಬಹುದು. ಸಿಸ್ಟಮ್ ಮಾತ್ರ ಹೊಸದಾಗಿ ಕೂರುತ್ತದೆ, ಡೇಟಾ ಉಳಿಯುತ್ತದೆ. ಇದಕ್ಕೆ ಬೂಟ್‌ಲೋಡರ್ ಅನ್‌ಲಾಕ್ ಬೇಡ. ಬೇರೆ ಕಂಪನಿಯ ಫೋನಾದರೆ ಅಧಿಕೃತ ಸರ್ವಿಸ್‌ನಲ್ಲಿ ಒಂದೇ ಪ್ರಶ್ನೆ ಕೇಳಿ: ‘ಡೇಟಾ ಉಳಿಸಿ ಸಾಫ್ಟ್‌ವೇರ್ ಹಾಕ್ತೀರಾ?’

ಈ ಮೂರು ಕೆಲಸ ಬೇಡ

ಒಂದು, ಗಾಬರಿಯಲ್ಲಿ ಬೂಟ್‌ಲೋಡರ್ ಅನ್‌ಲಾಕ್ ಮಾಡಬೇಡಿ. ಅನ್‌ಲಾಕ್ ಆದ ಕ್ಷಣವೇ ಡೇಟಾ ಅಳಿಯುತ್ತದೆ.

ಎರಡು, ಹಳೆಯ ಆವೃತ್ತಿಯನ್ನು ತುರುಕಲು ಹೋಗಬೇಡಿ. ಹಳೆಯದಕ್ಕೆ ಮರಳದಂತೆ ತಡೆ ಇರುವ ಫೋನ್‌ಗಳು ಇದರಿಂದ ಪೂರ್ತಿ ಸಾಯಬಹುದು.

ಮೂರು, ಫೋನ್ ಎಲ್ಲಿಯದು ಅಂತ ತಿಳಿಯದೆ ಸಾಫ್ಟ್‌ವೇರ್ ಹಾಕಬೇಡಿ. ಚೀನಾ ಮಾರುಕಟ್ಟೆಯ ಫೋನಿಗೆ ಅಂಗಡಿಯವರೇ ಗ್ಲೋಬಲ್ ಸಾಫ್ಟ್‌ವೇರ್ ತುಂಬಿ ಅಗ್ಗಕ್ಕೆ ಮಾರುವುದುಂಟು. ಅಂಥ ಫೋನಿನ ಬೂಟ್‌ಲೋಡರ್ ಅನ್ನು ಮತ್ತೆ ಲಾಕ್ ಮಾಡಿದರೆ ‘ಈ ಸಾಫ್ಟ್‌ವೇರ್ ಈ ಸಾಧನಕ್ಕೆ ಅಲ್ಲ’ ಅಂತ ಹೇಳಿ ಅದು ನಿಂತುಬಿಡುತ್ತದೆ.

‘ಮೆಮೊರಿ ಚಿಪ್ ತೆಗೆದು ಫೋಟೋ ಕೊಡ್ತೀವಿ’ ಅನ್ನುವವರ ಮಾತು ನಂಬಿ ದುಡ್ಡು ಕೊಡುವ ಮುಂಚೆಯೂ ಯೋಚಿಸಿ. ಆ್ಯಂಡ್ರಾಯ್ಡ್ 10 ಮತ್ತು ನಂತರದ ಆವೃತ್ತಿಯೊಂದಿಗೆ ಬಂದ ಫೋನ್‌ಗಳಲ್ಲಿ ಡೇಟಾ ಗೂಢಲಿಪಿಯಲ್ಲಿರುತ್ತದೆ. ಚಿಪ್ ಒಂದನ್ನೇ ಕಿತ್ತರೆ ಓದಲು ಏನೂ ಸಿಗುವುದಿಲ್ಲ.

ನಿಜವಾದ ತೊಡಕು: ಹಳೆಯ ಗಲ್ಫ್ ನಂಬರ್

ದುಬೈ, ದೋಹಾ, ಕುವೈತ್ ಬಿಟ್ಟು ಟೆಕ್ಸಾಸ್‌ಗೋ ಊರಿಗೋ ಬಂದವರು ಗಲ್ಫ್ ಸಿಮ್ ಬಂದ್ ಆದ ಮೇಲೂ ಅದೇ ನಂಬರಿನ ವಾಟ್ಸಾಪ್ ಬಳಸುತ್ತಾ ಇರುತ್ತಾರೆ. ಫೋನ್ ಚೆನ್ನಾಗಿರುವವರೆಗೆ ಅದು ನಡೆಯುತ್ತದೆ. ರಿಸೆಟ್ ಆದ ದಿನ ವಾಟ್ಸಾಪ್ ಒಟಿಪಿ ಕೇಳುತ್ತದೆ, ಆ ಒಟಿಪಿ ಸತ್ತ ನಂಬರಿಗೆ ಹೋಗುತ್ತದೆ. ಆ ನಂಬರನ್ನು ಬೇರೆಯವರಿಗೆ ಕೊಟ್ಟಿದ್ದರೆ ಅವರ ಕೈ ಸೇರುತ್ತದೆ.

ಗೂಗಲ್ ಖಾತೆಯ ಕಥೆಯೂ ಇದೇ. ರಿಕವರಿಯಿಂದ ರಿಸೆಟ್ ಮಾಡಿದ ಫೋನ್ ಮತ್ತೆ ತೆರೆಯಬೇಕಾದರೆ ಅದರಲ್ಲಿದ್ದ ಗೂಗಲ್ ಖಾತೆಯ ಪಾಸ್‌ವರ್ಡ್ ಬೇಕಾಗಬಹುದು. ಕಳ್ಳತನ ತಡೆಯಲು ಇಟ್ಟ ಬೀಗ ಅದು. ಪಾಸ್‌ವರ್ಡ್ ಮರೆತಿದ್ದು, ಖಾತೆಯಲ್ಲಿರುವುದು ಹಳೆಯ ಗಲ್ಫ್ ನಂಬರೇ ಆಗಿದ್ದರೆ, ಸರಿಯಾದ ಫೋನ್ ಕೈಯಲ್ಲಿದ್ದೂ ಬಾಗಿಲ ಹೊರಗೇ ನಿಲ್ಲಬೇಕಾಗಬಹುದು.

ಹಾಗಾಗಿ ರಿಸೆಟ್ ಕೊನೆಯ ದಾರಿ. ಅದಕ್ಕೂ ಮೊದಲು, ಲಾಗಿನ್ ಆಗಿರುವ ಲ್ಯಾಪ್‌ಟಾಪ್‌ನಲ್ಲಿ ಗೂಗಲ್ ಫೋಟೋಸ್ ತೆರೆದು ಎಷ್ಟು ಉಳಿದಿದೆ ನೋಡಿ. ಖಾತೆಯ ನಂಬರ್ ಬದಲಿಸಿಕೊಳ್ಳಿ. ಇ-ಸಿಮ್ ಇದ್ದರೆ ಅದೂ ಅಳಿಯಬಹುದು, ಮತ್ತೆ ಪಡೆಯುವುದು ಹೇಗೆ ಅಂತ ಸಿಮ್ ಕಂಪನಿಗೆ ಕೇಳಿಟ್ಟುಕೊಳ್ಳಿ.

ಮುಂದಿನ ಅಪ್‌ಡೇಟ್‌ಗೆ ಮುಂಚೆ

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೇನು ಬಂತು? ಫೋನ್ ಚೆನ್ನಾಗಿರುವಾಗಲೇ ಇಷ್ಟು ಮಾಡಿ:

- ವಾಟ್ಸಾಪ್‌ನ ‘ಚೇಂಜ್ ನಂಬರ್’ ಬಳಸಿ ಈಗಿನ ನಂಬರಿಗೆ ಬದಲಿಸಿ, ಬ್ಯಾಕಪ್ ಹಾಕಿ.
- ಗೂಗಲ್ ಖಾತೆಯ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಡಿ.
- ಬಿಲ್, ಐಎಂಇಐ ಸಂಖ್ಯೆಯ ಫೋಟೋ ಮನೆಯ ಇನ್ನೊಬ್ಬರ ಫೋನಿನಲ್ಲೂ ಇರಲಿ. ಗಲ್ಫ್‌ನಲ್ಲಿ ಕೊಂಡ ಫೋನಿನ ವಾರಂಟಿ ಅಮೆರಿಕದಲ್ಲಿ ನಡೆಯುತ್ತದೋ ಇಲ್ಲವೋ ಮೊದಲೇ ಕೇಳಿ.
- ದೊಡ್ಡ ಅಪ್‌ಡೇಟ್ ಬಂದ ದಿನವೇ ಹಾಕಬೇಡಿ. ಒಂದೆರಡು ವಾರ ಕಾಯಿರಿ. ಭದ್ರತೆಯ ಸಣ್ಣ ಅಪ್‌ಡೇಟ್‌ಗಳನ್ನು ಮಾತ್ರ ತಿಂಗಳುಗಟ್ಟಲೆ ಮುಂದೂಡಬೇಡಿ.
- ಪ್ರಯಾಣದ ಹಿಂದಿನ ದಿನ, ಬಿರುಗಾಳಿಯ ಮುನ್ಸೂಚನೆ ಇರುವಾಗ ಅಪ್‌ಡೇಟ್ ಬೇಡವೇ ಬೇಡ. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಬಂದಾಗ ಹ್ಯೂಸ್ಟನ್ ಸುತ್ತಮುತ್ತ 22 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಗಿತ್ತು. ಅಂಥ ಹೊತ್ತಲ್ಲಿ ಕೈಯಲ್ಲಿ ಕೆಲಸ ಮಾಡುವ ಫೋನ್ ಇರಬೇಕು.

ಊರಲ್ಲಿರುವ ಅಪ್ಪ ಅಮ್ಮನ ಫೋನಿಗೂ ಇದೇ ಮಾತು. ಮುಂದಿನ ಸಲ ರಜೆಗೆ ಹೋದಾಗ ಅವರ ಗೂಗಲ್ ಖಾತೆಯಲ್ಲಿ ಯಾವ ನಂಬರ್ ಇದೆ ಅಂತ ಒಮ್ಮೆ ತೆರೆದು ನೋಡಿ, ಪಾಸ್‌ವರ್ಡ್ ಬರೆದಿಟ್ಟು ಬನ್ನಿ. ಐದು ನಿಮಿಷದ ಕೆಲಸ.