ಮನೆಯ ಬೆಲೆಯೂ ನೆಲದ ಕಟ್ಟಳೆಯೂ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಅರಿಯದ ಗೃಹಸ್ಥರಿಲ್ಲ. ಈಗಿನ ಬೆಂಗಳೂರಿನಲ್ಲಾದರೋ ಇಟ್ಟಿಗೆ ಗಾರೆಗಳಿಗಿಂತ ನೆಲದ ಬೆಲೆಯೇ ಅನೇಕರಿಗೆ ದುಸ್ಸಹವಾಗಿದೆ. ಇದಕ್ಕೆ ಜನಸಂಖ್ಯೆಯ ವೃದ್ಧಿಯೊಂದೇ ಕಾರಣವಲ್ಲ. ಯಾವ ನೆಲದಲ್ಲಿ ಏನನ್ನು, ಎಷ್ಟು ಎತ್ತರಕ್ಕೆ ಕಟ್ಟಬಹುದೆಂಬ ಕಟ್ಟಳೆಗಳೂ ಕಾರಣವಾಗಿವೆ.

ಈ ಕಟ್ಟಳೆಗಳು ನಿರರ್ಥಕವಾಗಿ ಹುಟ್ಟಿದುವಲ್ಲ. 1898ರಲ್ಲಿ ಪ್ಲೇಗುಮಾರಿಯು ಇಕ್ಕಟ್ಟಾದ ಪೇಟೆಗಳಲ್ಲಿ ಹಬ್ಬಿ ಅನೇಕರನ್ನು ಬಲಿಗೊಂಡ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ವಿಶಾಲವಾದ ಬೀದಿಗಳೊಡನೆ ಬೆಳೆದುವು. ಮುಂದೆ 1961ರ ನಗರಯೋಜನಾ ಅಧಿನಿಯಮವೂ, ಹೊಲವನ್ನು ಮನೆಯ ನೆಲವಾಗಿಸಲು ಅನುಮತಿ ಬೇಕೆಂದ 1964ರ ಭೂಕಂದಾಯ ಅಧಿನಿಯಮವೂ ಬಂದುವು.

ಇವು ಬೆಲೆಯನ್ನು ಏರಿಸುವ ಬಗೆಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಎಕರೆಯೆಂದರೆ 43,560 ಚದರಡಿ. ಇದನ್ನು 1,200 ಚದರಡಿಯ ನಿವೇಶನಗಳಾಗಿ ವಿಭಾಗಿಸಿದರೆ 36 ಆಗುವುವು. ಬೀದಿ, ಉದ್ಯಾನ, ಶಾಲೆಗಳಿಗೆಂದು ಅರ್ಧವನ್ನು ಬಿಟ್ಟರೆ ಉಳಿಯುವುವು 18 ಮಾತ್ರ. ಹೊಲಕ್ಕೆ ತೆತ್ತ ಹಣವನ್ನೆಲ್ಲ ಆ ಹದಿನೆಂಟೇ ಹೊರಬೇಕು. ಅನುಮತಿಗೆ ಕಾದ ತಿಂಗಳುಗಳ ಬಡ್ಡಿಯೂ ಅದರೊಡನೆ ಸೇರುವುದು.

ಎತ್ತರದ ಮಿತಿಯದೂ ಹೀಗೆಯೇ. ನಿವೇಶನದ ಬೆಲೆ 60 ಲಕ್ಷ ರೂಪಾಯಿಯೆಂದು ಭಾವಿಸಿರಿ. ಅಲ್ಲಿ ಒಂದೇ ಮನೆಗೆ ಅವಕಾಶವಿದ್ದರೆ ಅಷ್ಟೂ ಅದರ ಮೇಲೆ ಬೀಳುವುದು. ಮೂರಕ್ಕೆ ಅವಕಾಶವಿದ್ದರೆ ತಲಾ 20 ಲಕ್ಷ. ಹಾಗೆಂದು ಒಂದೆರಡು ಬೀದಿಗಳಿಗೆ ಮಾತ್ರ ಮಿತಿಯನ್ನು ಸಡಿಲಿಸಿದರೆ ನೆಲದ ಒಡೆಯನು ಬೆಲೆಯೇರಿಸಿ ಲಾಭವನ್ನು ತಾನೇ ಪಡೆಯುವನು. ನಗರದ ಹಲವೆಡೆ ಸಡಿಲಿಸಿದಾಗಲೇ ಮನೆಗಳು ಹೆಚ್ಚಿ, ಕೊಳ್ಳುವವನಿಗೆ ಅನುಕೂಲವಾದೀತು. ಅದಕ್ಕೆ ತಕ್ಕಂತೆ ನೀರು, ಚರಂಡಿಗಳು ಮೊದಲೇ ಸಿದ್ಧವಾಗಿರತಕ್ಕದ್ದು.

ಕ್ರಮಬದ್ಧವಾದ ನಿವೇಶನವು ಕೈಗೆಟುಕದಾದಾಗ ಸಾಮಾನ್ಯನು ಅಗ್ಗದ ರೆವಿನ್ಯೂ ಸೈಟಿಗೆ ಮಾರುಹೋಗುವನು. ಆಮೇಲೆ ನಕ್ಷೆಗೆ ಮಂಜೂರಾತಿ ದೊರೆಯದು, ಬ್ಯಾಂಕಿನ ಸಾಲ ದುರ್ಲಭ, ಮಾರುವುದೂ ಕಷ್ಟ. ಜೀವಮಾನದ ಉಳಿತಾಯವೆಲ್ಲ ಹೀಗೆ ಸಿಕ್ಕಿಬಿದ್ದ ಸಂಸಾರಗಳು ಹಲವು. ಪ್ರಜೆಯನ್ನು ರಕ್ಷಿಸಲೆಂದು ಹುಟ್ಟಿದ ಕಟ್ಟಳೆಯೇ ಬಡವನನ್ನು ರಕ್ಷಣೆಯ ಹೊರಕ್ಕೆ ನೂಕಿದಂತಾಯಿತು.

ಆದುದರಿಂದ ಗಾಳಿ, ಬೆಳಕು, ಕೆರೆ, ರಾಜಕಾಲುವೆಗಳನ್ನು ಕಾಯುವ ನಿಯಮಗಳು ದೃಢವಾಗಿ ನಿಲ್ಲಲಿ. ವಿಳಂಬವನ್ನು ಮಾತ್ರ ಹೆಚ್ಚಿಸುವ ವಿಧಿಗಳು ತೊಲಗಲಿ. ಅಲ್ಲಿಯವರೆಗೆ ಗೃಹಸ್ಥರು ಮುಂಗಡವನ್ನು ಕೊಡುವ ಮೊದಲೇ ಭೂಪರಿವರ್ತನೆಯ ಆಜ್ಞೆ, ಮಂಜೂರಾದ ಬಡಾವಣೆಯ ನಕ್ಷೆ, ಖಾತೆ, ಋಣಭಾರ ಪತ್ರ ಇವುಗಳನ್ನು ಬಲ್ಲವರಿಂದ ಪರೀಕ್ಷಿಸಿಕೊಳ್ಳುವುದು ಶ್ರೇಯಸ್ಕರ.